ಮೀಸೆಯ ತಾಯಿ: ಗಿಜುಭಾಯಿ ಬಧೇಕಾ

ಮಹಾಪುರುಷರ ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ತೋರುವವರು ರಾಜ್ಯ ಕಟ್ಟಿದವರು, ಯುದ್ಧ ಗೆದ್ದವರು, ಮತ ಸ್ಥಾಪಿಸಿದವರು, ಕಾವ್ಯ ಬರೆದವರು. ಮೂರು ವರ್ಷದ ಮಗುವೊಂದು ಮರದ ಕೊರಡನ್ನು ಹಿಡಿದುಕೊಂಡು ಏನು ಮಾಡುತ್ತಿದೆಯೆಂದು ಪಕ್ಕದಲ್ಲಿ ಕುಳಿತು ನೋಡುವುದನ್ನೇ ಬಾಳಿನ ಸಾಧನೆಯನ್ನಾಗಿ ಮಾಡಿಕೊಂಡವರನ್ನು ಆ ಸಾಲಿನಲ್ಲಿ ಕೂರಿಸುವ ರೂಢಿ ನಮ್ಮಲ್ಲಿ ಕಡಿಮೆ. ಮಕ್ಕಳನ್ನು ನೋಡಿಕೊಳ್ಳುವುದು ಒಂದು ವಿದ್ಯೆಯೆಂದು ನಾವು ಒಪ್ಪಿದವರೇ ಅಲ್ಲ. ಅದು ತಾಯಂದಿರಿಗೆ ತಾನಾಗಿ ಬರುವ ಕೆಲಸವೆಂದೂ, ಓದು ಹೆಚ್ಚು ಹತ್ತದವರಿಗೆ ಸಿಗುವ ಉದ್ಯೋಗವೆಂದೂ ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನವನ್ನು ತಮ್ಮ ಬದುಕಿನಿಂದಲೇ ತಿರಸ್ಕರಿಸಿ ತೋರಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ. ದೊಡ್ಡ ಮೀಸೆಯ ಈ ಗಂಡಸನ್ನು ಗುಜರಾತಿನ ಜನ ಮೀಸೆಯುಳ್ಳ ತಾಯಿ ಎಂಬ ಅರ್ಥದ ಹೆಸರಿನಿಂದ ಇಂದಿಗೂ ನೆನೆಯುತ್ತಾರೆ.

ಅವರ ಜೀವನದಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಕಾಣುವುದು ಒಂದು ಪ್ರಶ್ನೆ. ಮಕ್ಕಳು ಶಿಕ್ಷಕರಿಂದ ಕಲಿಯುತ್ತಾರೆ, ಸರಿ. ಆ ಶಿಕ್ಷಕರು ಯಾರಿಂದ ಕಲಿಯಬೇಕು? ತರಬೇತಿಯ ಪುಸ್ತಕದಿಂದಲೆ? ಮೇಲಧಿಕಾರಿಯ ಸುತ್ತೋಲೆಯಿಂದಲೆ? ಗಿಜುಭಾಯಿಯವರು ಬಾಳಿ ತೋರಿಸಿದ ಉತ್ತರ ಬೇರೆ. ಶಿಕ್ಷಕನು ಇಂದು ತಾನು ಮಾಡಿದ ಪಾಠವನ್ನು ಸಂಜೆ ಕುಳಿತು ಮೆಲುಕು ಹಾಕಬೇಕು. ಎಲ್ಲಿ ಮಗುವಿನ ಕಣ್ಣು ಅರಳಿತು, ಎಲ್ಲಿ ಮುಖ ಬಾಡಿತು ಎಂದು ನೆನೆಯಬೇಕು. ನಾಳಿನ ಕೆಲಸವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು. ಇದಕ್ಕೆ ಇಂದಿನ ಶಿಕ್ಷಣ ಶಾಸ್ತ್ರದಲ್ಲಿ ದೊಡ್ಡ ಹೆಸರುಗಳಿವೆ. ಗಿಜುಭಾಯಿಯವರಿಗೆ ಅದು ದಿನನಿತ್ಯದ ವ್ರತವಾಗಿತ್ತು.

ಗಿಜುಭಾಯಿಯವರ ಪೂರ್ಣ ಹೆಸರು ಗಿರಿಜಾಶಂಕರ ಭಗವಾನ್‌ಜೀ ಬಧೇಕಾ. ಸೌರಾಷ್ಟ್ರದ ಚಿತಲವೆಂಬ ಊರಿನಲ್ಲಿ 1885ನೆಯ ಇಸವಿ ನವೆಂಬರ್ 15ರಂದು ಅವರ ಜನನವಾಯಿತು. ಬಾಲ್ಯ ಕಳೆದದ್ದು ವಲ್ಲಭೀಪುರದಲ್ಲಿ, ಮುಂದಿನ ಓದು ಭಾವನಗರದಲ್ಲಿ. ಆ ಕಾಲದ ಪ್ರಾಥಮಿಕ ಶಾಲೆ ನಮ್ಮ ಹಿರಿಯರು ಕಂಡ ಕೂಲಿಮಠಕ್ಕಿಂತ ಬಹಳ ಬೇರೆಯೇನೂ ಆಗಿರಲಿಲ್ಲ. ಬಾಯಿಪಾಠ, ಬೆತ್ತ, ಬೆದರಿಕೆ ಇವು ಮೂರೇ ಅದರ ಉಪಕರಣಗಳು. ಮಗು ಶಾಲೆಗೆ ಹೋಗಲು ಅಳುವುದು ಸ್ವಾಭಾವಿಕವೆಂದೇ ಎಲ್ಲರೂ ನಂಬಿದ್ದ ಕಾಲ ಅದು. ಮುಂದೆ ಶಾಲೆಯಿಂದ ಭಯವನ್ನು ಹೊರಗಟ್ಟಬೇಕೆಂದು ಅವರು ಪಟ್ಟ ಶ್ರಮವನ್ನು ನೋಡಿದರೆ, ಎಳೆತನದ ಆ ಅನುಭವ ಅವರಲ್ಲಿ ಆಳವಾಗಿ ಉಳಿದಿತ್ತೆಂದು ತೋರುತ್ತದೆ.

ಆದರೆ ತರುಣ ಗಿಜುಭಾಯಿಯವರಿಗೆ ಶಿಕ್ಷಕನಾಗುವ ಹಂಬಲವಿರಲಿಲ್ಲ. ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು 1907ರಲ್ಲಿ ಹೊಟ್ಟೆಪಾಡಿಗಾಗಿ ಪೂರ್ವ ಆಫ್ರಿಕಕ್ಕೆ ಹಡಗು ಹತ್ತಿದರು. ಕಾಠೇವಾಡದ ಎಷ್ಟೋ ಯುವಕರು ಆಗ ಹಿಡಿಯುತ್ತಿದ್ದ ದಾರಿಯೇ ಅದು. ಅಲ್ಲಿ ಕೆಲವು ವರ್ಷ ದುಡಿದು, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಅಭ್ಯಾಸವನ್ನು ಕಲಿತು ಹಿಂದಿರುಗಿದರು. ಬಳಿಕ ಮುಂಬಯಿಯಲ್ಲಿ ಕಾನೂನು ಓದಿ ವಢವಾಣದಲ್ಲಿ ವಕೀಲರಾದರು. ವಕೀಲಿಯು ಗೌರವದ ವೃತ್ತಿ, ಆದಾಯವೂ ಉಂಟು. ಬದುಕು ಒಂದು ದಡ ಸೇರಿತೆಂದು ಮನೆಯವರು ನೆಮ್ಮದಿಪಟ್ಟಿರಬೇಕು.

1913ರಲ್ಲಿ ಅವರಿಗೊಬ್ಬ ಮಗ ಹುಟ್ಟಿದ. ನರೇಂದ್ರನೆಂದು ಹೆಸರಿಟ್ಟರು. ಈ ಮಗುವೇ ವಕೀಲನ ಬಾಳಿನ ದಿಕ್ಕನ್ನು ತಿರುಗಿಸಿತು. ಇವನನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಪ್ರಶ್ನೆ ಎಲ್ಲ ತಂದೆಗೂ ಬರುವಂಥದೇ. ತಾನು ಪಟ್ಟ ಪಾಡನ್ನು ಮಗನೂ ಪಡಬಾರದೆಂದು ಅನೇಕರು ಬಯಸುತ್ತಾರೆ. ಬಯಸಿ, ಊರಿನಲ್ಲಿರುವ ಶಾಲೆಗೇ ಕಳುಹಿಸುತ್ತಾರೆ. ಗಿಜುಭಾಯಿಯವರು ಹಾಗೆ ಮಾಡಲಿಲ್ಲ. ಒಳ್ಳೆಯ ಶಾಲೆಯನ್ನು ಹುಡುಕಿಕೊಂಡು ಹೊರಟರು. ಗುಜರಾತಿನಲ್ಲಿ ಗ್ರಂಥಾಲಯ ಚಳವಳಿಯನ್ನು ಬೆಳೆಸಿದ ಮೋತಿಭಾಯಿ ಅಮೀನರು ಈ ತಂದೆಯ ಕಳವಳವನ್ನು ಕಂಡು, ಮರಿಯಾ ಮಾಂಟೆಸೊರಿಯವರ ಪದ್ಧತಿಯನ್ನು ಕುರಿತ ಪುಸ್ತಕವನ್ನು ಅವರ ಕೈಗಿತ್ತರು.

ಮಾಂಟೆಸೊರಿಯವರು ಇಟಲಿಯ ವೈದ್ಯೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಮನೆಯನ್ನು ತೆರೆದವರು. ವೈದ್ಯನು ರೋಗಿಯನ್ನು ನೋಡುವಂತೆ ಶಿಕ್ಷಕಿಯು ಮಗುವನ್ನು ಎಚ್ಚರದಿಂದ ನೋಡಬೇಕು, ತಾನು ಕಂಡದ್ದರಿಂದ ತನ್ನ ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕು ಎಂಬುದು ಅವರ ಮಾರ್ಗದ ಜೀವಾಳ. ಈ ವಿಚಾರ ಗಿಜುಭಾಯಿಯವರ ಮನಸ್ಸನ್ನು ಹಿಡಿಯಿತು. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪದ ನ್ಯಾಯಾಲಯದ ಅಭ್ಯಾಸವಿದ್ದ ಅವರಿಗೆ, ಮಗುವನ್ನೇ ಸಾಕ್ಷಿಯಾಗಿ ಕರೆಯುವ ಈ ಮಾರ್ಗ ಹಿಡಿಸಿದ್ದು ಸಹಜವೇ ಆಗಿತ್ತು.

ಆ ಹೊತ್ತಿಗೆ ಭಾವನಗರದಲ್ಲಿ ದಕ್ಷಿಣಾಮೂರ್ತಿ ಎಂಬ ಸಂಸ್ಥೆಯೊಂದು ಬೆಳೆಯುತ್ತಿತ್ತು. ಕಾಲೇಜಿನ ಪ್ರಾಧ್ಯಾಪಕರಾಗಿದ್ದ ನಾನಾಭಾಯಿ ಭಟ್ಟರು 1910ರಲ್ಲಿ ವಿದ್ಯಾರ್ಥಿನಿಲಯವಾಗಿ ಆರಂಭಿಸಿದ ಸಂಸ್ಥೆ ಅದು. ಆಲದ ಮರದ ಕೆಳಗೆ ಕುಳಿತು ವೃದ್ಧ ಶಿಷ್ಯರಿಗೆ ಮೌನದಿಂದಲೇ ಉಪದೇಶಿಸಿದ ತರುಣ ಗುರುವಿನ ಹೆಸರನ್ನು ಅದಕ್ಕೆ ಇಟ್ಟಿದ್ದರು. 1916ರ ನವೆಂಬರಿನಲ್ಲಿ ಗಿಜುಭಾಯಿಯವರು ವಕೀಲಿಯನ್ನು ತೊರೆದು ಅಲ್ಲಿನ ವಿದ್ಯಾರ್ಥಿನಿಲಯದ ಸಹಾಯಕ ಗೃಹಪತಿಯಾಗಿ ಸೇರಿಕೊಂಡರು. ಮುಂದೆ ಅದರ ಪ್ರೌಢಶಾಲೆಯ ಮುಖ್ಯಸ್ಥರೂ ಆದರು. ಯಾವ ತರಬೇತಿ ಕಾಲೇಜಿನ ಮೆಟ್ಟಿಲನ್ನೂ ಹತ್ತದ ಮನುಷ್ಯ, ಮೂವತ್ತೊಂದನೆಯ ವಯಸ್ಸಿನಲ್ಲಿ ಶಿಕ್ಷಕನಾದದ್ದು ಹೀಗೆ.

ದೊಡ್ಡ ಹುಡುಗರಿಗೆ ಪಾಠ ಹೇಳುತ್ತ ಹೇಳುತ್ತ ಅವರಿಗೊಂದು ಸತ್ಯ ಗೋಚರಿಸಿತು. ತಾನು ಬಹಳ ತಡವಾಗಿ ಆರಂಭಿಸುತ್ತಿದ್ದೇನೆ. ಈ ಹುಡುಗರ ಭಯಗಳು, ಅಭ್ಯಾಸಗಳು, ಕಲಿಕೆಯ ಬಗೆಗಿನ ಜುಗುಪ್ಸೆ ಎಲ್ಲವೂ ಇಲ್ಲಿಗೆ ಬರುವ ಮೊದಲೇ ಬೇರುಬಿಟ್ಟಿವೆ. ಬೇರೊಬ್ಬರಾಗಿದ್ದರೆ ಹುಡುಗರನ್ನು ದೂರುತ್ತಿದ್ದರು, ಇಲ್ಲವೆ ಕೆಳಗಿನ ತರಗತಿಯ ಮೇಷ್ಟರನ್ನು ದೂರುತ್ತಿದ್ದರು. ಗಿಜುಭಾಯಿಯವರು ತಮ್ಮ ಕೆಲಸದ ಜಾಗವನ್ನೇ ಬದಲಾಯಿಸಿದರು. 1920ನೆಯ ಆಗಸ್ಟ್ ಒಂದರಂದು ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಬಾಲಮಂದಿರ ತೆರೆಯಿತು. ಪ್ರೌಢಶಾಲೆಯ ಮುಖ್ಯಸ್ಥನಾಗಿದ್ದವರು ಎಳೆಮಕ್ಕಳ ತರಗತಿಗೆ ಇಳಿದರೆಂದು ಲೋಕ ಎಣಿಸಿರಬಹುದು. ಅವರಿಗೆ ಅದು ಏರುವ ಮೆಟ್ಟಿಲಾಗಿತ್ತು. ತಖ್ತೇಶ್ವರದ ಗುಡ್ಡದ ಬಳಿ ಬಾಲಮಂದಿರಕ್ಕೆ ಸ್ವಂತ ಕಟ್ಟಡವಾದಾಗ, 1922ರಲ್ಲಿ ಅದನ್ನು ತೆರೆದವರು ಕಸ್ತೂರಬಾ ಗಾಂಧಿಯವರು.

ಬಾಲಮಂದಿರದಲ್ಲಿ ನಡೆದದ್ದೇನು? ಮಾಂಟೆಸೊರಿಯವರ ಉಪಕರಣಗಳಿದ್ದವು: ಸಿಲಿಂಡರುಗಳು, ಗೋಪುರದ ಘನಗಳು, ಉಜ್ಜುಕಾಗದದ ಅಕ್ಷರಗಳು. ಆದರೆ ರೋಮಿನಲ್ಲಿ ಮಾಡಿದ್ದನ್ನು ಕಾಠೇವಾಡದಲ್ಲಿ ಯಥಾವತ್ತಾಗಿ ನಡೆಸಿದರೆ ಸಾಕೆಂದು ಗಿಜುಭಾಯಿ ತಿಳಿಯಲಿಲ್ಲ. ತಮ್ಮ ಗುರುವೆಂದು ಅವರು ಗೌರವಿಸಿದ ಮಾಂಟೆಸೊರಿಯವರು ಎಳೆಮಕ್ಕಳಿಗೆ ಅದ್ಭುತ ಕಥೆಗಳನ್ನು ಹೇಳುವುದನ್ನು ಅಷ್ಟಾಗಿ ಒಪ್ಪಿದವರಲ್ಲ. ಇಲ್ಲಿಯ ಮಕ್ಕಳಾದರೋ ಅಜ್ಜಿಯ ಮಡಿಲಲ್ಲಿ ಕಾಗೆ ಗುಬ್ಬಚ್ಚಿಗಳ ಕಥೆ ಕೇಳಿ ಬೆಳೆದವರು. ಕಥೆ ಶುರುವಾದೊಡನೆ ಚದುರಿದ ಮಕ್ಕಳು ಒಂದುಗೂಡುವುದನ್ನು, ಕೇಳಿದ ಕಥೆಯನ್ನು ತಾವೇ ಆಡಿ ತೋರಿಸುವುದನ್ನು, ಅದರ ಮಾತುಗಳನ್ನು ಓದಲು ಹಂಬಲಿಸುವುದನ್ನು ಅವರು ಕಣ್ಣಾರೆ ಕಂಡರು. ಗುರುವಿನ ಗ್ರಂಥ ಒಂದು ಕಡೆ, ಮಗುವಿನ ಮುಖ ಒಂದು ಕಡೆ. ಅವರು ಮಗುವಿನ ಮುಖವನ್ನು ನಂಬಿದರು. ಕಥೆ, ಜನಪದ ಹಾಡು, ನಾಟಕ, ಮಣ್ಣಿನ ಕೆಲಸ, ಚಿತ್ರ, ಇವೆಲ್ಲ ಬಾಲಮಂದಿರದ ಪಾಠಗಳಾದವು. ಕಥೆ ಹೇಳುವ ವಿದ್ಯೆಯ ಮೇಲೆಯೇ ಅವರು ಒಂದು ಶಾಸ್ತ್ರಗ್ರಂಥವನ್ನು ಬರೆದರು. ಯಾವ ವಯಸ್ಸಿಗೆ ಯಾವ ಕಥೆ, ಯಾವ ಹೊತ್ತಿಗೆ ಯಾವ ಧಾಟಿ ಎಂಬುದೆಲ್ಲ ಅದರ ವಿಷಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಪದ್ಧತಿಯನ್ನು ಬದಲಾಯಿಸುವುದು ದೊಡ್ಡ ಸಂಗತಿಯಲ್ಲ. ಸೋಮಾರಿಯಾದ ಶಿಕ್ಷಕನೂ ತನ್ನ ಅನುಕೂಲಕ್ಕಾಗಿ ಪದ್ಧತಿಯನ್ನು ಬದಲಾಯಿಸುತ್ತಾನೆ. ಏಕೆ ಬದಲಾಯಿಸಿದೆ, ಬದಲಾಯಿಸಿದ ಮೇಲೆ ಮಗುವಿಗೆ ಏನಾಯಿತು ಎಂದು ಹೇಳಬಲ್ಲವನು ಅಪರೂಪ. ಗಿಜುಭಾಯಿ ತಮ್ಮ ಅನುಭವಗಳನ್ನು ಬರೆಯುತ್ತಲೇ ಹೋದರು. ಮಕ್ಕಳಿಗಾಗಿ, ತಾಯಿತಂದೆಗಳಿಗಾಗಿ, ಶಿಕ್ಷಕರಿಗಾಗಿ ಅವರು ಬರೆದ ಚಿಕ್ಕ ದೊಡ್ಡ ಪುಸ್ತಕಗಳು ನೂರಕ್ಕೂ ಮೀರುತ್ತವೆ. ಶಿಕ್ಷಕರಿಗಾಗಿ ಬರೆದವುಗಳಲ್ಲಿ ಮೊಳಗುವ ಉಪದೇಶ ಕಡಿಮೆ. ಒಂದು ಮಗು ಹೀಗೆ ಮಾಡಿತು, ನಾನು ಹೀಗೆ ಮಾಡಿದೆ, ಅದರಿಂದ ಹೀಗಾಯಿತು ಎಂಬ ಲೆಕ್ಕವೇ ಹೆಚ್ಚು.

1923ರಲ್ಲಿ ತಾರಾಬಾಯಿ ಮೋಡಕರು ಭಾವನಗರಕ್ಕೆ ಬಂದರು. ಮುಂಬಯಿಯ ಪದವೀಧರೆ, ರಾಜಕೋಟದ ಮಹಿಳಾ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಆ ಹುದ್ದೆಯನ್ನು ಬಿಟ್ಟು ಗಿಜುಭಾಯಿಯವರ ಜತೆಗೂಡಿದರು. 1925ರಲ್ಲಿ ಬಾಲಶಿಕ್ಷಕರನ್ನು ತಯಾರಿಸುವ ಅಧ್ಯಾಪನ ಮಂದಿರ ಆರಂಭವಾಯಿತು. ‘ಶಿಕ್ಷಣ ಪತ್ರಿಕಾ’ ಎಂಬ ಮಾಸಪತ್ರಿಕೆ ಹೊರಟಿತು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಸ್ಥಾಪನೆಯಾಯಿತು. ಒಂದು ಊರಿನ ಒಂದು ಶಾಲೆಯಾಗಿದ್ದದ್ದು ಈ ಮೂರರಿಂದ ಒಂದು ಚಳವಳಿಯ ರೂಪ ತಾಳಿತು.

ಅಧ್ಯಾಪನ ಮಂದಿರಕ್ಕೆ ಬಾಲಮಂದಿರವೇ ಪ್ರಯೋಗಶಾಲೆ. ವೈದ್ಯವಿದ್ಯಾರ್ಥಿಗೆ ಆಸ್ಪತ್ರೆಯ ವಾರ್ಡು ಹೇಗೋ, ಇಲ್ಲಿ ಕಲಿಯಬಂದವರಿಗೆ ಮಕ್ಕಳ ಕೋಣೆ ಹಾಗೆ. ಬಾಲಶಿಕ್ಷಕನು ಮೊಟ್ಟಮೊದಲು ಕಲಿಯಬೇಕಾದದ್ದು ಸುಮ್ಮನೆ ಕೂರುವುದನ್ನು. ಮಗು ತಾನಾಗಿ ಮಾಡುತ್ತಿರುವ ಕೆಲಸಕ್ಕೆ ಕೈಹಾಕದೆ ನೋಡುವುದು ಹೇಳಿದಷ್ಟು ಸುಲಭವಲ್ಲ. ಗುಂಡಿ ಹಾಕಿಕೊಳ್ಳಲು ಮೂರು ವರ್ಷದ ಹುಡುಗ ಹತ್ತು ನಿಮಿಷ ಹೆಣಗುತ್ತಿದ್ದರೆ ನಮ್ಮ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಆಗ ಕೈಯನ್ನು ಹಿಂದಕ್ಕೆಳೆದುಕೊಂಡು, ಅದು ಏಕೆ ಮುಂದೆ ಹೋಯಿತು ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಮಗುವಿನ ಮೇಲಿನ ಪ್ರೀತಿಯಿಂದಲೆ? ನನಗೆ ಅವಸರವಾಗಿದೆಯೆಂದೆ? ಹೊರಗೆ ನಿಂತು ನೋಡುತ್ತಿರುವವರು ನನ್ನನ್ನು ಸೋಮಾರಿಯೆಂದುಕೊಂಡಾರು ಎಂಬ ಅಂಜಿಕೆಯಿಂದಲೆ? ಹೀಗೆ, ಮಗುವನ್ನು ನೋಡಲು ಕುಳಿತವನು ಸ್ವಲ್ಪ ಹೊತ್ತಿನಲ್ಲಿ ತನ್ನನ್ನೇ ನೋಡತೊಡಗುತ್ತಾನೆ. ಬಾಲಶಿಕ್ಷಕನ ನಿಜವಾದ ತರಬೇತಿ ಆರಂಭವಾಗುವುದು ಅಲ್ಲಿ.

ಈ ತತ್ತ್ವವನ್ನು ಗಿಜುಭಾಯಿ ಎಲ್ಲಕ್ಕಿಂತ ಸೊಗಸಾಗಿ ತೋರಿಸಿರುವುದು 1930ರ ದಶಕದ ಮೊದಲ ವರ್ಷಗಳಲ್ಲಿ ಪ್ರಕಟವಾದ ‘ದಿವಾಸ್ವಪ್ನ’ ಎಂಬ ಪುಸ್ತಕದಲ್ಲಿ. ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಲ್ಲಿ ಅದು ಓದಲು ದೊರೆತಿದೆ. ಹಗಲುಗನಸು ಎಂಬ ಹೆಸರೇ ಹೇಳುವಂತೆ ಅದು ಕಲ್ಪಿತ ಕಥೆ. ಲಕ್ಷ್ಮೀರಾಮನೆಂಬ ತರುಣನೊಬ್ಬ ವಿದ್ಯಾಧಿಕಾರಿಯ ಬಳಿ ಹೋಗಿ, ಶಾಲೆಯ ಒಂದು ತರಗತಿಯನ್ನು ಒಂದು ವರ್ಷದ ಮಟ್ಟಿಗೆ ತನ್ನ ಪ್ರಯೋಗಕ್ಕೆ ಕೊಡಬೇಕೆಂದು ಕೇಳುತ್ತಾನೆ. ಅಧಿಕಾರಿ ನಕ್ಕು, ವರ್ಷದ ಕೊನೆಗೆ ಪರೀಕ್ಷೆ ತಪ್ಪದೆಂದು ಎಚ್ಚರಿಸಿ, ನಾಲ್ಕನೆಯ ತರಗತಿಯನ್ನು ಒಪ್ಪಿಸುತ್ತಾನೆ. ಲಕ್ಷ್ಮೀರಾಮನು ರಾತ್ರಿಯೆಲ್ಲ ಕುಳಿತು ಮರುದಿನದ ಯೋಜನೆಯನ್ನು ಸಿದ್ಧಪಡಿಸುತ್ತಾನೆ. ಮೊದಲು ಮೌನದ ಆಟ, ಬಳಿಕ ಇಂಥದ್ದು, ಅನಂತರ ಇಂಥದ್ದು ಎಂದು.

ಮರುದಿನ ಆ ಯೋಜನೆಗೆ ಆದ ಗತಿಯೇನು? ಮೌನದ ಆಟ ಮಾಂಟೆಸೊರಿ ಪದ್ಧತಿಯ ಹೆಮ್ಮೆ. ಮಕ್ಕಳು ತಾವಾಗಿ ನಿಶ್ಶಬ್ದರಾಗಿ, ಗಡಿಯಾರದ ಸಪ್ಪಳವನ್ನೂ ಕೇಳಿ ಆನಂದಿಸುವ ಆಟ. ಇಲ್ಲಿ ಬಾಗಿಲು ಕಿಟಕಿ ಮುಚ್ಚಿ ಮೌನವೆಂದೊಡನೆ ಹುಡುಗರಿಗೆ ತಮಾಷೆ ಹತ್ತಿತು. ಒಬ್ಬ ಕೂಗಿದ, ಒಬ್ಬ ಕುಣಿದ, ಕೋಣೆಯೆಲ್ಲ ಗದ್ದಲವಾಯಿತು. ಹೊಸ ಮೇಷ್ಟರ ಯೋಜನೆ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿತು. ಅವನು ಹುಡುಗರನ್ನು ಮನೆಗೆ ಕಳುಹಿಸಿ, ಹೆಡ್‌ಮಾಸ್ಟರರಿಂದ ಬೈಸಿಕೊಂಡು, ಪೆಚ್ಚಾಗಿ ಹಿಂದಿರುಗಿದ. ಆದರೆ ಮನೆಗೆ ಹೋಗಿ ಹುಡುಗರನ್ನು ಶಪಿಸಲಿಲ್ಲ. ಬೆತ್ತ ಹಿಡಿಯುವುದೇ ಸರಿಯೆಂಬ ನಿರ್ಧಾರಕ್ಕೂ ಬರಲಿಲ್ಲ. ತನಗೂ ಆ ಮಕ್ಕಳಿಗೂ ಇನ್ನೂ ಪರಿಚಯವೇ ಆಗಿಲ್ಲ, ಸ್ನೇಹವಿಲ್ಲದ ಕಡೆ ಮೌನ ಹುಟ್ಟುವುದೆಲ್ಲಿಂದ ಎಂದು ಯೋಚಿಸಿದ. ಮರುದಿನ ಬಂದವನೇ ಕಥೆ ಹೇಳಲು ಕುಳಿತ. ನಿನ್ನೆ ಕೂಗಾಡಿದ್ದ ಹುಡುಗರು ಇಂದು ಉಸಿರು ಬಿಗಿಹಿಡಿದು ಕೇಳಿದರು. ಬೇಡಿದರೂ ಬಾರದಿದ್ದ ಮೌನ ತಾನಾಗಿಯೇ ಬಂದು ಕುಳಿತಿತು.

ಅಲ್ಲಿಂದ ಮುಂದೆ ವರ್ಷವಿಡೀ ನಡೆಯುವುದು ಇದೇ ಕ್ರಮ. ಪಠ್ಯಪುಸ್ತಕದ ಹಣದಿಂದ ಕಥೆಪುಸ್ತಕ ತರಿಸಿ ತರಗತಿಗೆ ಗ್ರಂಥಾಲಯ ಮಾಡುತ್ತಾನೆ. ಆಟಕ್ಕೆ ಬಯಲಿಗೆ ಕರೆದೊಯ್ಯುತ್ತಾನೆ. ಆಟದಲ್ಲಿ ಜಗಳವಾಗಿ ದೂರು ಬಂದಾಗ ಮತ್ತೆ ಯೋಚನೆಗೆ ಬೀಳುತ್ತಾನೆ. ಕೊಳೆಯಾದ ಉಗುರು, ಬಾಚದ ತಲೆಗಳನ್ನು ಕಂಡು ಶುಚಿತ್ವವನ್ನೇ ಪಾಠ ಮಾಡುತ್ತಾನೆ. ಜತೆಯ ಮೇಷ್ಟರುಗಳು ಹಾಸ್ಯಮಾಡುತ್ತಾರೆ, ತಂದೆತಾಯಂದಿರು ಸಂಶಯಪಡುತ್ತಾರೆ. ಕೊನೆಗೆ ಹುಡುಗರು ಅಂಜಿಕೆಯಿಲ್ಲದೆ ಆಡುವ ನಾಟಕವನ್ನೂ, ಅವರ ಕಲಿಕೆಯನ್ನೂ ಕಂಡು ಅಧಿಕಾರಿಯ ಮನಸ್ಸು ತಿರುಗುತ್ತದೆ. ಎಳೆಮಕ್ಕಳ ಶಾಲೆಯಲ್ಲಿ ಕಂಡುಕೊಂಡದ್ದನ್ನು ಗಿಜುಭಾಯಿ ಸಾಮಾನ್ಯ ಪ್ರಾಥಮಿಕ ಶಾಲೆಯ ಇಕ್ಕಟ್ಟಿನೊಳಕ್ಕೆ ತಂದಿಟ್ಟು ನೋಡಿದ ಗ್ರಂಥ ಇದು. ತನ್ನ ಕಥಾನಾಯಕನಿಗೆ ಅವರು ಮೊದಲ ದಿನವೇ ಸೋಲನ್ನು ಕೊಟ್ಟರೆಂಬುದು ಗಮನಿಸಬೇಕಾದ ಮಾತು. ಕಲ್ಪಿತ ಕಥೆಯಲ್ಲಿ ಗೆಲುವನ್ನು ಕೊಡುವುದು ಲೇಖಕನ ಕೈಯಲ್ಲೇ ಇತ್ತು. ಶಿಕ್ಷಕನಾಗುವವನಿಗೆ ಗೆಲುವಿಗಿಂತ ಮೊದಲು ಬೇಕಾದದ್ದು, ಸೋತ ಸಂಜೆಯನ್ನು ಹೇಗೆ ಕಳೆಯಬೇಕೆಂಬ ವಿದ್ಯೆ ಎಂದು ಅವರು ಬಲ್ಲವರಾಗಿದ್ದರು.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ವಿಚಾರ ಬೆಳೆದಿದೆ. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯವರು 1910ರಲ್ಲಿಯೇ, ಅನುಭವವನ್ನು ಹಿಂದಿರುಗಿ ನೋಡಿ ಪರಿಶೀಲಿಸುವ ಚಿಂತನೆಯನ್ನು ಕುರಿತು ಗ್ರಂಥ ಬರೆದರು. ಅದೇ ದೇಶದ ಡೊನಾಲ್ಡ್ ಶಾನ್ ಎಂಬುವರು 1983ರಲ್ಲಿ ವೈದ್ಯ, ವಾಸ್ತುಶಿಲ್ಪಿ ಮೊದಲಾದ ವೃತ್ತಿವಂತರ ಕೆಲಸವನ್ನು ಪರಿಶೀಲಿಸಿ, ಒಳ್ಳೆಯ ಕೆಲಸಗಾರನು ಕೆಲಸದ ನಡುವೆಯೂ ಯೋಚಿಸುತ್ತಾನೆ, ಕೆಲಸ ಮುಗಿದ ಮೇಲೂ ಯೋಚಿಸುತ್ತಾನೆ ಎಂದು ಪ್ರತಿಪಾದಿಸಿದರು. ಬಳಿಕ ಶಿಕ್ಷಕರ ತರಬೇತಿಯಲ್ಲೆಲ್ಲ ಆತ್ಮಾವಲೋಕನವೆಂಬುದು ಒಂದು ಅಧ್ಯಾಯವೇ ಆಯಿತು. ಭಾವನಗರದ ಗುಡ್ಡದ ಬಳಿ ಇದು ಅಧ್ಯಾಯವಾಗುವ ಮೊದಲೇ ಆಚಾರವಾಗಿತ್ತೆಂಬುದು ನಮಗೆ ಅಭಿಮಾನದ ವಿಷಯ.

ಆತ್ಮಾವಲೋಕನವನ್ನು ಪಶ್ಚಾತ್ತಾಪವೆಂದು ತಿಳಿದು ಕೆಲವರು ಅದಕ್ಕೆ ಹೆದರುತ್ತಾರೆ. ದಿನವೂ ತನ್ನ ತಪ್ಪನ್ನೇ ಎಣಿಸುತ್ತ ಕುಳಿತರೆ ಶಿಕ್ಷಕನ ಧೈರ್ಯ ಕುಂದದೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ರೈತನು ಸಂಜೆ ಬದುವಿನ ಮೇಲೆ ನಿಂತು ಪೈರನ್ನು ನೋಡುವಾಗ ಪಶ್ಚಾತ್ತಾಪಪಡುತ್ತಿರುವುದಿಲ್ಲ; ಯಾವ ಮಡಿಗೆ ನೀರು ಹತ್ತಿಲ್ಲ, ಎಲ್ಲಿ ಕಳೆ ಎದ್ದಿದೆ ಎಂದು ನೋಡಿ ಬೆಳಗಿನ ಕೆಲಸವನ್ನು ಗೊತ್ತುಮಾಡಿಕೊಳ್ಳುತ್ತಿರುತ್ತಾನೆ. ಚೆನ್ನಾಗಿ ಬಂದ ಪೈರನ್ನು ಕಂಡು ಹಿಗ್ಗುವುದೂ ಆ ನೋಟದಲ್ಲಿ ಸೇರಿದೆ. ಗಿಜುಭಾಯಿಯವರ ನೋಟ ಇಂಥದು. ಅವರ ಬರಹದಲ್ಲಿ ಕೊರಗಿಗಿಂತ ಕುತೂಹಲವೇ ಮೇಲುಗೈ.

ಗುಜರಾತಿನ ಜನ ಅವರ ಯೋಗ್ಯತೆಯನ್ನು ಗುರುತಿಸದೆ ಇರಲಿಲ್ಲ. ಆ ನಾಡಿನ ಹಿರಿಯ ಗೌರವವಾದ ರಣಜಿತರಾಮ ಸುವರ್ಣಪದಕವು 1929ನೆಯ ಸಾಲಿಗೆ ಅವರಿಗೆ ದೊರೆಯಿತು. 1936ರಲ್ಲಿ ಅವರು ದಕ್ಷಿಣಾಮೂರ್ತಿಯಿಂದ ಬಿಡುವು ಪಡೆದರು. ಇಪ್ಪತ್ತು ವರ್ಷ ಬೆಳೆಸಿದ ಮನೆಯನ್ನು ಬಿಟ್ಟ ಮೇಲೆಯೂ ಸುಮ್ಮನೆ ಕೂರಲಿಲ್ಲ; ರಾಜಕೋಟದಲ್ಲಿ ಮತ್ತೆ ಒಂದು ಅಧ್ಯಾಪನ ಮಂದಿರವನ್ನು ನಡೆಸಿದರು. ಕೊನೆಯವರೆಗೂ ಅವರ ಹಂಬಲ ಶಿಕ್ಷಕರನ್ನು ತಯಾರಿಸುವುದೇ ಆಗಿತ್ತು. ಆದರೆ ಬಿಡುವಿಲ್ಲದ ದುಡಿಮೆಗೆ ದೇಹ ಸೋತಿತ್ತು. 1939ನೆಯ ಜೂನ್ 23ರಂದು ಮುಂಬಯಿಯಲ್ಲಿ ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮಾಂಟೆಸೊರಿಯವರು ಮದರಾಸಿನ ಅಡ್ಯಾರಿಗೆ ಬಂದಿಳಿದರು. ಕೆಲವು ತಿಂಗಳಿಗೆಂದು ಬಂದವರು ಮಹಾಯುದ್ಧದ ಕಾರಣದಿಂದ 1946ರವರೆಗೆ ಈ ದೇಶದಲ್ಲೇ ಉಳಿದು ಅಸಂಖ್ಯ ಶಿಕ್ಷಕರಿಗೆ ತರಬೇತಿ ಕೊಟ್ಟರು. ಗುರುವು ಬಾಗಿಲಿಗೆ ಬರುವ ಐದು ತಿಂಗಳ ಮೊದಲೇ ಶಿಷ್ಯನು ಹೊರಟುಹೋಗಿದ್ದನು.

ಗಿಜುಭಾಯಿಯವರ ಕೆಲಸಕ್ಕೆ ಒಂದು ಮಿತಿಯಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಉಪಕರಣಗಳಿಂದ ಕೂಡಿದ ಬಾಲಮಂದಿರ ಹೆಚ್ಚಾಗಿ ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಎಟುಕುವಂಥದು. ಈ ಮಿತಿಯನ್ನು ಕಂಡು ಮುಂದೆ ಹೆಜ್ಜೆಯಿಟ್ಟವರು ತಾರಾಬಾಯಿಯವರೇ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಅವರು ಅನುತಾಯಿ ವಾಘರ ಜತೆ ಮಕ್ಕಳ ಕೇಂದ್ರವನ್ನು ತೆರೆದರು. ಕೇಂದ್ರದ ಬಾಗಿಲು ತೆರೆದಿದ್ದರೂ ಬಡವರ ಮಕ್ಕಳು ಬರಲಿಲ್ಲ. ಬಾರದ ಮಕ್ಕಳನ್ನು ದೂರುವುದು ಸುಲಭವಾಗಿತ್ತು. ತಾರಾಬಾಯಿ ತಮ್ಮ ಕೇಂದ್ರವನ್ನೇ ಸಂಶಯದಿಂದ ನೋಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಗುಡಿಸಲಿನ ಅಂಗಳಕ್ಕೆ ಹೋಗಲಿ ಎಂದು ಹೊರಟರು. ಬೆಲೆಬಾಳುವ ಉಪಕರಣಗಳ ಬದಲು ಕಾಳು, ಕಲ್ಲು, ಎಲೆ, ಕಪ್ಪೆಚಿಪ್ಪುಗಳು ಬಂದವು. ಅಂಗಳದ ಆ ಶಾಲೆಗೆ ಅವರಿಟ್ಟ ಹೆಸರು ಅಂಗನವಾಡಿ. ಮುಂದೆ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಈ ಕೆಲಸ ಬೆಳೆಯಿತು. ನಮ್ಮ ಬೀದಿಬೀದಿಯಲ್ಲಿ ಕೇಳುವ ಆ ಪದದ ಹಿಂದೆ ಇಬ್ಬರು ಶಿಕ್ಷಕರ ಆತ್ಮಾವಲೋಕನವಿದೆಯೆಂಬುದನ್ನು ನಾವು ಬಲ್ಲೆವೆ?

ಕನ್ನಡ ನಾಡಿಗೂ ಈ ಮಾರ್ಗ ಅಪರಿಚಿತವಲ್ಲ. ಗಿಜುಭಾಯಿಯವರ ಸಮಕಾಲೀನರಾದ ಪಂಜೆ ಮಂಗೇಶರಾಯರು, 1874ರಿಂದ 1937ರವರೆಗೆ ಬಾಳಿದವರು, ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ತಿರುಗಾಡುತ್ತ, ಎಳೆಯರ ನಾಲಗೆಗೂ ಕಿವಿಗೂ ಒಗ್ಗುವ ಹಾಡುಗಳು ಕನ್ನಡದಲ್ಲಿ ಸಾಲವೆಂದು ಕಂಡರು. ಕಂಡು, ತಾವೇ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದರು. ತರಗತಿಯಲ್ಲಿ ಕಂಡ ಕೊರತೆಯನ್ನು ತನ್ನ ಹೊಣೆಯೆಂದು ತಿಳಿದು ದುಡಿದವರು ಇವರೆಲ್ಲ.

ಇನ್ನು ಅಂಗನವಾಡಿಯ ವಿಷಯ. ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇಂದು ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ನಮ್ಮ ಪಶ್ಚಿಮ ಬೆಂಗಳೂರನ್ನೇ ನೋಡಿ. ರಾಜಾಜಿನಗರ, ಬಸವೇಶ್ವರನಗರಗಳ ದೊಡ್ಡ ರಸ್ತೆಗಳಲ್ಲಿ ಮಾಂಟೆಸೊರಿಯವರ ಹೆಸರು ಹೊತ್ತ ಬೋರ್ಡುಗಳು ಸಾಲಾಗಿ ಕಾಣುತ್ತವೆ. ಕಾಮಾಕ್ಷಿಪಾಳ್ಯ, ಮೂಡಲಪಾಳ್ಯ, ಕೆಂಗೇರಿಗಳ ಒಳಗಲ್ಲಿಗಳಲ್ಲಿ ಒಂದೇ ಕೋಣೆಯ ಅಂಗನವಾಡಿಗಳಿವೆ. ತಾಯಿ ಗಾರ್ಮೆಂಟ್ಸಿಗೆ, ತಂದೆ ಆಟೋ ಓಡಿಸಲಿಕ್ಕೆ ಹೋದ ಮೇಲೆ ಮಗುವಿನ ದಿನವೆಲ್ಲ ಅಲ್ಲಿಯ ಟೀಚರಮ್ಮನ ಕೈಯಲ್ಲಿ. ಎರಡು ಬಗೆಯ ಶಾಲೆಗಳಿಗೂ ಬೇರು ಒಂದೇ, ಹೆಸರುಗಳೇ ಅದಕ್ಕೆ ಸಾಕ್ಷಿ. ಆದರೆ ಬೋರ್ಡಿನ ಮೇಲಿನ ಹೆಸರಿನಿಂದ ಮಗುವಿಗೆ ಏನೂ ದೊರೆಯುವುದಿಲ್ಲ. ಒಳಗಿರುವವರು ಮಗುವನ್ನು ನೋಡುತ್ತಿದ್ದಾರೆಯೇ ಎಂಬುದೇ ಪ್ರಶ್ನೆ.

ನೋಡಲು ಅವರಿಗೆ ಹೊತ್ತೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಅಂಗನವಾಡಿ ಕಾರ್ಯಕರ್ತೆಯು ಹಾಜರಿ ಬರೆಯಬೇಕು, ಮಕ್ಕಳ ತೂಕ ಬರೆಯಬೇಕು, ಆಹಾರದ ದಾಸ್ತಾನು ಬರೆಯಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕವಿಡಬೇಕು, ಮನೆಭೇಟಿ ಮಾಡಬೇಕು, ಅದೆಲ್ಲವನ್ನೂ ಮತ್ತೆ ಮೊಬೈಲಿನಲ್ಲಿ ತುಂಬಬೇಕು. ಖಾಸಗಿ ನರ್ಸರಿಯ ಶಿಕ್ಷಕಿಗೆ ಬೇರೆ ಬಗೆಯ ಕಾಟ. ಮೂರು ವರ್ಷದ ಮಗು ಇನ್ನೂ ಬರೆಯುತ್ತಿಲ್ಲವೇಕೆಂದು ಪೋಷಕರು ಬಾಗಿಲಲ್ಲಿ ನಿಂತಿರುತ್ತಾರೆ. ಮಗು ಎಷ್ಟು ಕಿಲೋ ತೂಗುತ್ತದೆಂದು ಬರೆಯಲು ಕಾಲಂ ಉಂಟು, ಅದು ಅತ್ಯಗತ್ಯವೂ ಹೌದು. ಈ ಮಗು ಇಂದು ಮೊದಲ ಸಲ ತಾನಾಗಿ ಮಾತನಾಡಿತು, ನಾನು ಹೇಳಿದ ಹಾಡು ಇದಕ್ಕೆ ಏಕೋ ಹಿಡಿಸಲಿಲ್ಲ, ನಾಳೆ ಬೇರೆ ಮಾಡಿ ನೋಡುತ್ತೇನೆ ಎಂದು ಬರೆದುಕೊಳ್ಳಲು ಬೇಕಾದ ಬಿಡುವನ್ನು ನಾವು ಅವರಿಗೆ ಕೊಟ್ಟಿದ್ದೇವೆಯೆ? ಗಿಜುಭಾಯಿಯವರಿಗೆ ಬಾಲಮಂದಿರವಿತ್ತು, ಜತೆಗೆ ಮಾತನಾಡಲು ತಾರಾಬಾಯಿ ಇದ್ದರು, ಬರೆದದ್ದನ್ನು ಹಂಚಿಕೊಳ್ಳಲು ಪತ್ರಿಕೆಯಿತ್ತು. ಹೊತ್ತು, ಜತೆಗಾರರು, ಬರೆವಣಿಗೆ ಈ ಮೂರೂ ಇಲ್ಲದ ಕಡೆ ಆತ್ಮಾವಲೋಕನ ಮಾಡಿರೆಂದು ಉಪದೇಶಿಸುವುದು ಹಸಿದವನಿಗೆ ಅಡುಗೆಯ ಪುಸ್ತಕ ಕೊಟ್ಟಂತೆ. ಪಕ್ಕಪಕ್ಕದ ನಾಲ್ಕು ಅಂಗನವಾಡಿಗಳ ಟೀಚರುಗಳು ವಾರಕ್ಕೊಂದು ಗಂಟೆ ಒಟ್ಟಿಗೆ ಕುಳಿತು, ಲೆಕ್ಕಪತ್ರದ ಮಾತಿಲ್ಲದೆ, ಮಕ್ಕಳ ವಿಷಯವನ್ನೇ ಮಾತನಾಡುವಂತಾದರೆ ಅದೇ ಒಂದು ಅಧ್ಯಾಪನ ಮಂದಿರವಾದೀತು. ಅದಕ್ಕೆ ಕಟ್ಟಡ ಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೆ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ಪದವಿ ತರಗತಿಯವರೆಗೆ ಬಂದವರು ನಾವೇ ಮೊದಲಿಗರು. ನಮ್ಮ ಅಪ್ಪ ಅಮ್ಮಂದಿರಿಗೆ ಓದಿಸುವ ಆಸೆಯಿತ್ತು, ಓದು ಹೇಳಿಕೊಡುವ ಶಕ್ತಿಯಿರಲಿಲ್ಲ. ಅಂಥ ಮನೆಯ ಮಗುವಿಗೆ ಮೊದಲ ಅಕ್ಷರಕ್ಕಿಂತ ಮೊದಲು ದೊರೆಯಬೇಕಾದದ್ದು, ಶಾಲೆಯೆಂಬುದು ಹೆದರಬೇಕಾದ ಜಾಗವಲ್ಲವೆಂಬ ಭರವಸೆ. ಆ ಭರವಸೆ ಮೂಡುವುದೋ ಮುರಿಯುವುದೋ ಮೂರರಿಂದ ಆರರ ವಯಸ್ಸಿನಲ್ಲಿ, ಯಾರೋ ಒಬ್ಬ ಟೀಚರಮ್ಮನ ಮುಂದೆ. ನಮ್ಮ ಬಿ.ಎ. ಪದವಿಯ ಬುನಾದಿಯಲ್ಲಿ ಅವರ ಹೆಸರು ಬರೆದಿಲ್ಲದಿದ್ದರೂ ಅವರ ಕೈ ಇದೆ.

ನಮ್ಮ ನಡುವಿನಿಂದಲೂ ನಾಳೆ ಕೆಲವರು ಶಿಕ್ಷಕರಾಗುತ್ತಾರೆ. ದೊಡ್ಡ ತರಗತಿ ಸಿಕ್ಕರೆ ಹೆಮ್ಮೆ, ಚಿಕ್ಕ ಮಕ್ಕಳ ತರಗತಿ ಸಿಕ್ಕರೆ ಸಂಕೋಚ ಎಂಬ ಭಾವನೆ ನಮ್ಮಲ್ಲಿ ಇದ್ದರೆ, ಪ್ರೌಢಶಾಲೆಯನ್ನು ಬಿಟ್ಟು ಬಾಲಮಂದಿರದ ನೆಲದ ಮೇಲೆ ಕುಳಿತ ಆ ವಕೀಲರನ್ನು ಒಮ್ಮೆ ನೆನೆಯೋಣ. ಕೋರ್ಟಿನಲ್ಲಿ ಅವರು ಇತರರನ್ನು ಪ್ರಶ್ನಿಸುತ್ತಿದ್ದರು. ಮಕ್ಕಳ ಮುಂದೆ ಬಂದ ಮೇಲೆ ತಮ್ಮನ್ನೇ ಪ್ರಶ್ನಿಸಿಕೊಂಡರು. ಶಾಲೆಯ ಗಂಟೆ ಬಾರಿಸಿ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಂದು ಗಳಿಗೆ ಖಾಲಿ ತರಗತಿಯಲ್ಲಿ ಉಳಿದು, ಇಂದು ನಾನು ಯಾವ ಮಗುವನ್ನು ನೋಡಲಿಲ್ಲ ಎಂದು ಕೇಳಿಕೊಳ್ಳುವ ಶಿಕ್ಷಕರು ನಮ್ಮ ಕಾಲೇಜಿನಿಂದ ಹತ್ತು ಮಂದಿ ಹೊರಟರೂ, ಮೀಸೆಯ ಆ ತಾಯಿಯ ಋಣ ಒಂದಿಷ್ಟು ತೀರೀತು.